ಆ ಖೋಲಿ ನನಗೆ ಬೇಡವಾಗಿತ್ತು

ಮುಂಬೈಯ ಲಾಲ್‌ಬಾಗ್, ಪರೇಲ್, ಗಿರ್ಗಾಂವ್ ಕಡೆಯ ಹಳೆಯ ಚಾಳುಗಳು, ಅಂದರೆ ಒಂದೇ ಕೋಣೆಯ ಖೋಲಿಗಳು ಸಾಲಾಗಿರುವ ಬಾಡಿಗೆ ಕಟ್ಟಡಗಳು, ಒಂದೊಂದಾಗಿ ಪುನರ್ನಿರ್ಮಾಣಕ್ಕೆ ಹೋಗುತ್ತಿವೆ. ಅಲ್ಲಿಂದ ಬರುವ ನಮ್ಮ ಕನ್ನಡದ ಕುಟುಂಬಗಳು ಆಪ್ತಸಲಹೆಗಾರ್ತಿಯಾದ ನನ್ನ ಮುಂದೆ ಕುಳಿತು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಅಮ್ಮ ಮನೆ ಬಿಡಲು ಒಪ್ಪುತ್ತಿಲ್ಲ. ಅಲ್ಲಿಯ ನೆನಪು ಬಿಡುತ್ತಿಲ್ಲ. ನೀವಾದರೂ ಸ್ವಲ್ಪ ಬುದ್ಧಿ ಹೇಳಿ." ಬುದ್ಧಿ ಹೇಳುವುದು ನನ್ನ ಕೆಲಸವಲ್ಲ ಎಂದು ಮೊದಲೇ ತಿಳಿಸುತ್ತೇನೆ. ಆದರೆ ಆ ಮಾತಿನ ಎರಡನೆಯ ಭಾಗವನ್ನು, ನೆನಪಿನ ಭಾಗವನ್ನು, ಬಹಳ ಕಾಲ ನಾನೂ ಪ್ರಶ್ನಿಸದೆ ನಂಬಿದ್ದೆ. ಈ ಪ್ರಕರಣದಲ್ಲಿ ಆ ನಂಬಿಕೆಗೆ ಎರಡು ಭೇಟಿಗಳು ದಂಡವಾದವು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.

ಆಕೆಗೆ 74 ವರ್ಷ, ಕುಂದಾಪುರದ ಕಡೆಯವರು. 1971ರಲ್ಲಿ ಮದುವೆಯಾಗಿ ನೇರವಾಗಿ ಬಂದದ್ದು ಪರೇಲಿನ ಚಾಳಿಗೆ. 180 ಚದರಡಿಯ ಖೋಲಿ, ಮೂಲೆಯಲ್ಲಿ ಮೀಯಲು, ತೊಳೆಯಲು ಮೋರಿ, ಮೇಲೆ ಹಲಗೆಯ ಅಟ್ಟ, ಗ್ಯಾಲರಿಯ ತುದಿಯಲ್ಲಿ ಇಡೀ ಮಹಡಿಗೆ ಸೇರಿದ ಸಂಡಾಸ. ಗಂಡ ಗಿರಣಿಯೊಂದರ ಕ್ಯಾಂಟೀನಿನಲ್ಲಿದ್ದರು. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದ ಗಿರಣಿ ಮುಷ್ಕರ ಶುರುವಾಗಿ ಗಿರಣಿ ನಿಂತಿತು, ಅದರೊಂದಿಗೆ ಕ್ಯಾಂಟೀನೂ ನಿಂತಿತು. ಆಕೆ ಖಾನಾವಳಿ ಆರಂಭಿಸಿದರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಹೋಗುವ ಊರಿನ ಹುಡುಗರು ಅಲ್ಲಿ ಉಂಡರು, ನಾಲ್ಕೈದು ಮಂದಿ ಅಟ್ಟದಲ್ಲೇ ಮಲಗಿದರು. ಮೂವರು ಮಕ್ಕಳು ಆ ಗದ್ದಲದಲ್ಲೇ ಓದಿ ಮುಂದೆ ಬಂದರು. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿದೆ.

ಈಗ ಚಾಳಿನ ಉಳಿದವರೆಲ್ಲ ಬಿಲ್ಡರನ ಕರಾರಿಗೆ ಸಹಿ ಹಾಕಿದ್ದರು. ಆಕೆ ಹಾಕಿರಲಿಲ್ಲ. ಊಟ ಕಡಿಮೆಯಾಗಿತ್ತು, ನಿದ್ದೆ ಇರಲಿಲ್ಲ, ಮಕ್ಕಳು ಹಳೆಯ ಮನೆಯ ಮಾತು ತೆಗೆದರೆ ಆಕೆ ಎದ್ದು ಹೋಗುತ್ತಿದ್ದರು. ಮನೋವೈದ್ಯರ ಬಳಿಗೂ ಕಳುಹಿಸಿದೆ. ಖಿನ್ನತೆಯೆಂದು ಹೇಳುವಂಥದ್ದೇನೂ ಅವರಿಗೆ ಕಾಣಲಿಲ್ಲ. ಮಕ್ಕಳು ಪ್ರೀತಿಯವರು, ಅದರಲ್ಲಿ ಸಂಶಯವಿಲ್ಲ. ಹಳೆಯ ಫೋಟೊಗಳನ್ನು ಕೂಡಿಸಿ ವಿಡಿಯೊ ಮಾಡುತ್ತಿದ್ದರು. ಖಾನಾವಳಿಯಲ್ಲಿ ಉಂಡವರನ್ನೆಲ್ಲ ಕರೆದು ಆ ಖೋಲಿಯಲ್ಲೇ ಕೊನೆಯದಾಗಿ ಒಂದು ಊಟ ಇಟ್ಟುಕೊಂಡಿದ್ದರು. ಅಡುಗೆ ಅಮ್ಮನದೇ, ಅದೇ ರುಚಿ ಬೇಕಲ್ಲ!

ಅದನ್ನು ಕೇಳಿ ನಾನೂ ಚೆನ್ನಾಗಿದೆ ಎಂದೆ. ನಾನು ಹುಟ್ಟಿದ್ದೂ ಚಾಳಿನಲ್ಲೇ. ಚಾಳಿನ ಒಗ್ಗಟ್ಟು, ತೆರೆದ ಬಾಗಿಲು, ಗಣೇಶೋತ್ಸವ ಎಂದು ಸಂಘದ ವೇದಿಕೆಯಲ್ಲಿ ಭಾಷಣ ಮಾಡಿದವಳು.

ಮೂರನೆಯ ಭೇಟಿಗೆ ಮನೆಯಿಂದ ಪ್ರೀತಿಯ ಒಂದು ವಸ್ತುವನ್ನು ತರಲು ಹೇಳಿದ್ದೆ. ಖಾಲಿ ಚೀಲ ಹಿಡಿದು ಬಂದರು. "ತರುವಂಥದ್ದು ಏನೂ ಕಾಣಲಿಲ್ಲ" ಎಂದರು. ಜೊತೆಗಿದ್ದ ದೊಡ್ಡ ಮಗ, "ಅಮ್ಮನಿಗೆ ಅಲ್ಲಿಯ ಪ್ರತಿಯೊಂದೂ ಪ್ರೀತಿ, ಯಾವುದನ್ನೆಂದು ತರುತ್ತಾರೆ?" ಎಂದ. ಅವನನ್ನು ಹೊರಗೆ ಕೂರಲು ಹೇಳಿದೆ. ಆಮೇಲೆ ಬಹಳ ಹೊತ್ತು ಮಾತಿಲ್ಲ. ನನ್ನ ಕೋಣೆಯ ಮೂಲೆಯಲ್ಲಿ ಕೈತೊಳೆಯುವ ನಳ ತೊಟ್ಟಿಕ್ಕುತ್ತಿತ್ತು. ಆಕೆ ಎದ್ದು ಹೋಗಿ ಅದನ್ನು ಬಿಗಿಯಾಗಿ ತಿರುಗಿಸಿ ಬಂದು ಕುಳಿತರು.

"ನನಗೆ ಆ ಖೋಲಿ ಯಾವತ್ತೂ ಬೇಡವಾಗಿತ್ತು."

ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡೆ.

"ಬೆಳಗಿನ ಜಾವ ನಾಲ್ಕಕ್ಕೆ ನೀರು. ತಡವಾಗಿ ಎದ್ದರೆ ಇಲ್ಲ. ಬಸುರಿಯಿದ್ದಾಗಲೂ ಹಂಡೆ ಎತ್ತಿದ್ದೇನೆ. ಬಟ್ಟೆ ಬದಲಿಸಲು ಗಂಡಸರೆಲ್ಲ ಹೊರಗೆ ಹೋಗುವುದನ್ನು ಕಾಯಬೇಕಿತ್ತು. 1984ರಲ್ಲಿ ಡೊಂಬಿವಲಿಯಲ್ಲಿ ಒಂದು ಮನೆ ಕೈಗೆಟಕುವಂತಿತ್ತು, ಹೋಗೋಣ ಎಂದೆ. ಹುಡುಗರು ಎಲ್ಲಿಗೆ ಹೋಗುತ್ತಾರೆ ಎಂದರು ಇವರು. ಹುಡುಗರದ್ದು ಕೇಳಿದರು." ಸ್ವಲ್ಪ ತಡೆದು, "ಈಗ ಮಕ್ಕಳು ಅದು ಸ್ವರ್ಗವಾಗಿತ್ತು ಎನ್ನುತ್ತಾರೆ. ಇರಬಹುದು. ಅವರು ಏಳುವ ಹೊತ್ತಿಗೆ ನೀರಿನ ಪಿಂಪು ತುಂಬಿರುತ್ತಿತ್ತು" ಎಂದರು.

ಹಾಗಾದರೆ ಹೊರಡಲು ಏನು ಅಡ್ಡಿ ಎಂದು ಕೇಳಿದೆ.

"ಎಲ್ಲರೂ ನಾನು ಅಳುವುದನ್ನು ಕಾಯುತ್ತಿದ್ದಾರೆ. ನನಗೆ ಅಳು ಬರುತ್ತಿಲ್ಲ. ನಗುತ್ತಾ ಹೊರಟರೆ ಸತ್ತವರಿಗೆ ಏನು ಮರ್ಯಾದೆ?"

ನಾನು ಕೊಟ್ಟ ಸಲಹೆ ಮಕ್ಕಳಿಗೆ ರುಚಿಸಲಿಲ್ಲ. ಬೀಳ್ಕೊಡುಗೆಯ ಊಟ ಬೇಡ, ಮಾಡಲೇಬೇಕಾದರೆ ಅಡುಗೆಯವರನ್ನು ಕರೆಸಿ, ಅಮ್ಮ ಬಡಿಸುವುದೂ ಬೇಡ ಎಂದೆ. ಒಂದು ಮಧ್ಯಾಹ್ನ ಮೂವರೂ ಖೋಲಿಯಲ್ಲಿ ಕುಳಿತು ಆಕೆಯ ದಿನ ಹೇಗೆ ಹೋಗುತ್ತಿತ್ತು ಎಂದು ಕೇಳಿ. ಮೊಬೈಲ್ ಹೊರಗಿರಲಿ, "ಆದರೂ ಆಗ ಚೆನ್ನಾಗಿತ್ತಲ್ಲಮ್ಮ" ಎಂಬ ಮಾತು ಬರಕೂಡದು ಎಂದೆ. ಆ ಮನೆಯಲ್ಲಿ ಬೆಳೆದದ್ದು ಬೇರೆ, ಅದನ್ನು ನಡೆಸಿದ್ದು ಬೇರೆ. ವಯಸ್ಸಾದವರಿಗೆ ಸಿಹಿ ನೆನಪುಗಳನ್ನೇ ಹೇಳಿಸಬೇಕೆಂಬ ಸಲಹೆ ನಮ್ಮ ವೃತ್ತಿಯಲ್ಲಿ ತೀರಾ ಅಗ್ಗವಾಗಿದೆ. ಕಹಿಯನ್ನು ಹೇಳಲು ಜಾಗವಿಲ್ಲದವರು ಸಿಹಿಯನ್ನೂ ಹೇಳುವುದಿಲ್ಲ, ಎದ್ದು ಹೋಗುತ್ತಾರೆ.

ಇನ್ನೊಂದು ಸಲಹೆಗಾಗಿ ಸಹೋದ್ಯೋಗಿಯೊಬ್ಬರು ನನ್ನನ್ನು ಟೀಕಿಸಿದ್ದಾರೆ. ಬಾಡಿಗೆ ರಸೀದಿ ಇನ್ನೂ ಗಂಡನ ಹೆಸರಿನಲ್ಲಿತ್ತು. ಅನುಕೂಲಕ್ಕೆಂದು ಹೊಸ ಕರಾರನ್ನು ದೊಡ್ಡ ಮಗನ ಹೆಸರಿಗೆ ಮಾಡಿ, ಅಮ್ಮನಿಂದ ಹಕ್ಕು ಬಿಟ್ಟುಕೊಟ್ಟ ಪತ್ರ ಪಡೆಯುವ ಯೋಚನೆಯಿತ್ತು. ಆ ಪತ್ರಕ್ಕೆ ಈಗ ಸಹಿ ಹಾಕಬೇಡಿ, ಮೊದಲು ನಿಮ್ಮದೇ ಒಬ್ಬ ವಕೀಲರನ್ನು ನೋಡಿ ಎಂದೆ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ಬಾಡಿಗೆದಾರ ತೀರಿಕೊಂಡಾಗ ಜೊತೆಗೆ ವಾಸವಿದ್ದ ಕುಟುಂಬದವರಿಗೆ ಹಕ್ಕು ಬರುತ್ತದೆ, ಮತ್ತು ಕೊನೆಯವರೆಗೂ ಅಲ್ಲಿ ಜೊತೆಗಿದ್ದವರು ಆಕೆಯೊಬ್ಬರೇ. ದುರಸ್ತಿಗೆಂದು ಸೆಸ್ ಎಂಬ ತೆರಿಗೆ ಕಟ್ಟುವ ಹಳೆಯ ಕಟ್ಟಡವಾದ್ದರಿಂದ ಹೊಸ ಮನೆ ಕನಿಷ್ಠ 300 ಚದರಡಿಯದು. ಇದು ಆಪ್ತಸಲಹೆಯ ಗಡಿ ಮೀರಿದ ಮಾತು ಎಂಬುದು ಟೀಕೆ. 1984ರಲ್ಲಿ ಕೇಳಿ ಸಿಗದಿದ್ದ ಮನೆ ಈಗ ಕಾಗದದ ಮೇಲೆ ಬಂದಿರುವಾಗ ಅದರಿಂದ ಆಕೆಯ ಹೆಸರು ಅಳಿಯುವುದನ್ನು ಕುಳಿತು ನೋಡುವುದೇ ಗಡಿಯಾದರೆ, ಮೀರಿದ್ದೇನೆ.

ಕರಾರು ಆಕೆಯ ಹೆಸರಿನಲ್ಲೇ ಆಯಿತು. ಆ ಮಧ್ಯಾಹ್ನದ ಮಾತುಕತೆಯೂ ನಡೆಯಿತು. ಮಗಳು ಅತ್ತಳಂತೆ, ಕಿರಿಯ ಮಗ ನಡುವೆಯೇ ಎದ್ದು ಹೋದನಂತೆ. ದೊಡ್ಡ ಮಗ ನನಗೆ ಫೋನ್ ಮಾಡಿ, "ನಮ್ಮ ಬಾಲ್ಯವನ್ನೇ ಕೆಡಿಸಿಬಿಟ್ಟಿರಿ" ಎಂದ. ಅವನ ಸಂಕಟ ಸುಳ್ಳಲ್ಲ. ಅವನನ್ನೂ ಬರಲು ಹೇಳಿದ್ದೇನೆ, ಇನ್ನೂ ಬಂದಿಲ್ಲ.

ಆಕೆ ಈಗ ಬಿಲ್ಡರ್ ಕೊಡುವ ಬಾಡಿಗೆಯಲ್ಲಿ ಮುಂಬೈ ಪಕ್ಕದ ಠಾಣೆ ನಗರದ ಒಂದು ಮನೆಯಲ್ಲಿದ್ದಾರೆ. ಕಳೆದ ತಿಂಗಳು ಮಾತನಾಡಿದಾಗ ನಿದ್ದೆ ಹೇಗಿದೆ ಎಂದು ವಿಚಾರಿಸಿದೆ. ನಾಲ್ಕಕ್ಕೆ ಎಚ್ಚರವಾಗುವುದು ತಪ್ಪಿಲ್ಲ ಎಂದರು.

"ಎದ್ದು ಏನು ಮಾಡುತ್ತೀರಿ?"

"ನಳ ತಿರುಗಿಸಿ ನೋಡುತ್ತೇನೆ. ನೀರು ಬರುತ್ತದೆ. ನಿಲ್ಲಿಸಿ ಮತ್ತೆ ಮಲಗುತ್ತೇನೆ."