ವುಡ್ ಪಿಜನ್‌ಗೆ ಯಾವ ತೋಟಾ: ಗ್ರಾಂ ನೋಡುವ ಮೊದಲು ಕಾಗದ ನೋಡಿ

ನಿಮ್ಮ ಪ್ರಶ್ನೆಯನ್ನು ಹೀಗೆ ಅರ್ಥ ಮಾಡಿಕೊಂಡೆ. ಲಿಂಕನ್‌ಶೈರ್‌ನಲ್ಲಿ ಪರಿಚಯದ ರೈತರೊಬ್ಬರ ರೇಪ್ (ಸಾಸಿವೆ ಜಾತಿಯ ಎಣ್ಣೆಕಾಳು) ಹೊಲಕ್ಕೆ ವುಡ್ ಪಿಜನ್ ಎಂಬ ಕಾಡುಪಾರಿವಾಳದ ಹಿಂಡು ಬೀಳುತ್ತಿದೆ, ಹೊಡೆಯಲು ಅವರು ಒಪ್ಪಿದ್ದಾರೆ. ನಿಮ್ಮ ಹತ್ತಿರ ಇರುವುದು 12 ಬೋರ್ ಕೋವಿ, ಒಂದರ ಮೇಲೊಂದು ನಳಿಗೆ, ಚೋಕ್ (ಕಾಳು ಎಷ್ಟು ಹರಡಬೇಕೆಂದು ನಿರ್ಧರಿಸುವ ನಳಿಗೆ ಬಾಯಿಯ ಬಿಗಿ) ಬದಲಿಸುವಂಥದ್ದು, 3 ಇಂಚಿನ ಚೇಂಬರ್ (ತೋಟಾ ಕೂರುವ ಗೂಡು). ಅಂಗಡಿಯಲ್ಲಿ 28, 30, 32 ಗ್ರಾಂ (ತೋಟಾದೊಳಗಿನ ಕಾಳು, ಅಂದರೆ ಚರೆಯ ತೂಕ), 6ನೇ ನಂಬರ್, 7ನೇ ನಂಬರ್ (ಕಾಳಿನ ಗಾತ್ರ), ಫೈಬರ್, ಪ್ಲಾಸ್ಟಿಕ್, ಸ್ಟೀಲ್ ಎಲ್ಲ ನೋಡಿ ಏನೂ ಕೊಳ್ಳದೆ ವಾಪಸ್ ಬಂದಿದ್ದೀರಿ. ಇದೇ ಗುಂಪಿನಲ್ಲಿ ಒಬ್ಬರು "36 ಗ್ರಾಂ ತಗೊಳ್ಳಿ, ತಪ್ಪೋದೇ ಇಲ್ಲ" ಅಂದಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ, ಕಾರಣ ಕೆಳಗಿದೆ.

ಅವಸರದಲ್ಲಿರುವವರಿಗೆ ಉತ್ತರ ಇಷ್ಟೇ. ಸೀಸವಾದರೆ 28 ಅಥವಾ 30 ಗ್ರಾಂ, 6ನೇ ನಂಬರ್, ಫೈಬರ್ ವಾಡ್ (ಮದ್ದಿಗೂ ಚರೆಗೂ ನಡುವಿನ ಬಿರಡೆ), ಕಾಲು ಚೋಕ್, ದೂರ 35 ಗಜದೊಳಗೆ. ಆದರೆ ನಿಮ್ಮದು ಹೊಸ ಕೋವಿ, ನೀವೂ ಹೊಸಬರು. ನನ್ನ ಸಲಹೆ ಕೇಳಿದರೆ ಸೀಸದಲ್ಲಿ ಕೈ ಪಳಗಿಸಿಕೊಳ್ಳಲು ಹೋಗಬೇಡಿ, ಮೊದಲ ದಿನದಿಂದಲೇ 28 ಗ್ರಾಂ, 4ನೇ ನಂಬರ್ ಸ್ಟೀಲ್ ಹಿಡಿಯಿರಿ. 2025ರ ಜುಲೈನಲ್ಲಿ ಬ್ರಿಟನ್ ಸರ್ಕಾರ ಸೀಸದ ಚರೆಯನ್ನು ಮೂರು ವರ್ಷದ ಕಾಲಾವಕಾಶ ಕೊಟ್ಟು ನಿಲ್ಲಿಸುವುದಾಗಿ ಘೋಷಿಸಿಯಾಗಿದೆ. ಒಂದು ತೋಟಾಕ್ಕೆ ಕಣ್ಣು, ಭುಜ, ಅಂದಾಜು ಎಲ್ಲ ಹೊಂದಿಸಿಕೊಂಡ ಮೇಲೆ ಅದನ್ನು ಬಿಟ್ಟು ಇನ್ನೊಂದು ಕಲಿಯುವುದು ಎರಡು ಕೆಲಸ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಶಾಟ್‌ಗನ್ ಸರ್ಟಿಫಿಕೇಟ್ ಇದ್ದರೆ ಮಾತ್ರ ತೋಟಾ ಸಿಗುವುದು, ಅಂಗಡಿಗೆ ಹೋಗುವಾಗ ಅದು ಜೇಬಿನಲ್ಲಿರಲಿ. ಇಂಗ್ಲೆಂಡ್‌ನಲ್ಲಿ ಬೆಳೆ ಕಾಯಲು ವುಡ್ ಪಿಜನ್ ಹೊಡೆಯುವುದು ಜಿಎಲ್42 ಎಂಬ ಜನರಲ್ ಲೈಸೆನ್ಸ್ ಅಡಿಯಲ್ಲಿ. ಅದಕ್ಕೆ ಅರ್ಜಿ ಹಾಕಬೇಕಿಲ್ಲ, ಆದರೆ ಷರತ್ತು ಓದಿರಲೇಬೇಕು: ಬೆದರುಬೊಂಬೆ, ಸದ್ದು ಮಾಡಿ ಹಕ್ಕಿ ಓಡಿಸುವ ಗ್ಯಾಸ್ ಗನ್ ಥರದ ಉಪಾಯಗಳನ್ನೂ ಮಾಡಿರಬೇಕು, ಹೊಡೆಯುವ ಉದ್ದೇಶ ಬೆಳೆಯ ರಕ್ಷಣೆಯೇ ಆಗಿರಬೇಕು. ಸ್ಕಾಟ್ಲೆಂಡ್, ವೇಲ್ಸ್‌ಗೆ ಬೇರೆ ಲೈಸೆನ್ಸ್. ಇನ್ನೊಂದು ಎಚ್ಚರ: ಸ್ಟಾಕ್ ಡವ್ ಎಂಬ ಇನ್ನೊಂದು ಪಾರಿವಾಳ ಅದೇ ಹಿಂಡಿನಲ್ಲಿ ಬರುತ್ತದೆ, ಅದನ್ನು ಹೊಡೆಯುವಂತಿಲ್ಲ. ಅದು ಸ್ವಲ್ಪ ಚಿಕ್ಕದು, ಕುತ್ತಿಗೆಯ ಬಿಳಿ ಮಚ್ಚೆಯಾಗಲಿ ರೆಕ್ಕೆಯ ಬಿಳಿ ಪಟ್ಟಿಯಾಗಲಿ ಇರುವುದಿಲ್ಲ. ಬಿಳಿ ಕಾಣದಿದ್ದರೆ ಕೋವಿಯ ಕುದುರೆ (ಟ್ರಿಗರ್) ಎಳೆಯಬೇಡಿ. "ಊರಿಗೆ ಹೋದಾಗಲೂ ಹೊಡೀಬಹುದಾ?" ಅಂತ ಕೇಳಿದವರಿಗೆ: ಖಂಡಿತ ಇಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ, ನಮ್ಮ ಘಟ್ಟದ ನೀಲಗಿರಿ ಕಾಡುಪಾರಿವಾಳ ಅಳಿವಿನ ಭಯದಲ್ಲಿರುವ ಹಕ್ಕಿ.

ಈಗ ನಂಬರ್. ಚರೆಯ ನಂಬರ್ ಏರಿದಂತೆ ಕಾಳು ಸಣ್ಣದು. ಇಂಗ್ಲಿಷ್ ಲೆಕ್ಕದಲ್ಲಿ 5 ಅಂದರೆ 2.8 ಮಿ.ಮೀ., 6 ಅಂದರೆ 2.6, 7 ಅಂದರೆ 2.4. ಅಮೆರಿಕದ 6 ನಮ್ಮ 5ಕ್ಕೆ ಸಮ, ಅವರ 7½ ನಮ್ಮ 7ಕ್ಕೆ ಸಮ. ಹಾಗಾಗಿ ಆಮದು ಡಬ್ಬಿಯಾದರೆ ನಂಬರ್ ಬಿಟ್ಟು ಪಕ್ಕದಲ್ಲಿರುವ ಮಿ.ಮೀ. ಓದಿ. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಸೀಸದಲ್ಲಿ 5ನೇ ನಂಬರ್ 220 ಕಾಳು, 6ನೇದು 270, 7ನೇದು 340, 7½ ಸುಮಾರು 400.

ಈ ಕಾಳಿನ ಲೆಕ್ಕ ಯಾಕೆ ಬೇಕು ಅಂದರೆ, ಅರ್ಧ ಕೆ.ಜಿ. ತೂಗುವ ಈ ಹಕ್ಕಿ ಗಾಯಗೊಂಡು ಹಾರಿಹೋಗದೆ ಅಲ್ಲೇ ಬೀಳಬೇಕಾದರೆ 30 ಇಂಚು ಅಗಲದ ವೃತ್ತದೊಳಗೆ 120ರಿಂದ 130 ಕಾಳು ಇರಬೇಕು ಎಂಬುದು ಇಲ್ಲಿ ಹಳೆಯದಾಗಿ ನಡೆದುಬಂದ ಅಳತೆ. ಇಂಪ್ರೂವ್ಡ್ ಸಿಲಿಂಡರ್ ಚೋಕ್ 40 ಗಜದಲ್ಲಿ ನೂರಕ್ಕೆ 50 ಕಾಳನ್ನು ಆ ವೃತ್ತದೊಳಗೆ ಹಾಕುತ್ತದೆ, ಕಾಲು ಚೋಕ್ 55, ಅರ್ಧ ಚೋಕ್ 60, ಫುಲ್ 70. ಗುಣಿಸಿ ನೋಡಿ. 28 ಗ್ರಾಂ 6ನೇ ನಂಬರ್, ಸಡಿಲವಾದ ಇಂಪ್ರೂವ್ಡ್ ಸಿಲಿಂಡರ್‌ನಲ್ಲೂ 40 ಗಜದಲ್ಲಿ 130ರ ಆಸುಪಾಸು ಕೊಡುತ್ತದೆ. ಅದೇ ತೂಕದ 5ನೇ ನಂಬರ್ 110ಕ್ಕೇ ನಿಲ್ಲುತ್ತದೆ, ಅದಕ್ಕೆ ಅರ್ಧ ಚೋಕ್ ಬೇಕೇ ಬೇಕು. ಚಳಿಗಾಲದ ಸಂಜೆ ಮರಕ್ಕೆ ಕೂರಲು ಎತ್ತರದಲ್ಲಿ ಬರುವ ಹಕ್ಕಿಗೆ 32 ಗ್ರಾಂ 5ನೇ ನಂಬರ್ ಸರಿ. ನಿಮ್ಮದು ಡಿಕಾಯ್ (ನಕಲಿ ಹಕ್ಕಿ) ಇಟ್ಟು ಇಳಿಸಿಕೊಂಡು ಹೊಡೆಯುವ ಕೆಲಸ, 20ರಿಂದ 30 ಗಜ. ಅಲ್ಲಿ ಅದು ದಂಡ.

ಕ್ಲೇ (ಹಾರಿಸುವ ಮಣ್ಣಿನ ಬಿಲ್ಲೆ) ಹೊಡೆಯಲು ಕೊಂಡ 7½ ಉಳಿದಿದೆ, ಬಳಸಲಾ ಅಂತ ಕೇಳಿದ್ದೀರಿ. 28 ಗ್ರಾಂ ಆದರೆ 30 ಗಜದೊಳಗೆ ನಡೆಯುತ್ತದೆ, ಚೋಕ್ ಬಿಚ್ಚಿ ಸಡಿಲದ್ದು ಹಾಕಿ. ಅರ್ಧ ಚೋಕ್ 30 ಗಜದಲ್ಲಿ ನೂರಕ್ಕೆ 83 ಕಾಳು ಒಳಗೆ ಹಾಕುತ್ತದೆ. 400ರಲ್ಲಿ 330 ಕಾಳು ಒಂದು ಹಕ್ಕಿಯ ಸುತ್ತ ಬಿದ್ದರೆ ಅಡುಗೆಮನೆಗೆ ಒಯ್ಯಲು ಏನೂ ಉಳಿಯುವುದಿಲ್ಲ. 8, 9ನೇ ನಂಬರ್ ಹಕ್ಕಿಗೆ ಬೇಡವೇ ಬೇಡ. ಆ ಕಾಳಿಗೆ ಒಳಗಿಳಿಯುವ ಶಕ್ತಿ ಇಲ್ಲ, ಹಕ್ಕಿ ಗಾಯದಲ್ಲೇ ಹೋಗಿ ಎಲ್ಲೋ ಬೇಲಿಸಂದಿಯಲ್ಲಿ ಸಾಯುತ್ತದೆ.

36 ಗ್ರಾಂ ಯಾಕೆ ಬೇಡ? ಗ್ರೀನರ್ ಎಂಬ ಬರ್ಮಿಂಗ್‌ಹ್ಯಾಮ್ ಕೋವಿ ತಯಾರಕರದ್ದೊಂದು ನಿಯಮ ಇದೆ: ಕೋವಿಯ ತೂಕ ಚರೆಯ ತೂಕದ 96 ಪಟ್ಟಾದರೂ ಇರಬೇಕು. ನಿಮ್ಮ ಕೋವಿ 7½ ಪೌಂಡ್ ಅಂದುಕೊಂಡರೆ ಅದು 120 ಔನ್ಸ್, 96ರಿಂದ ಭಾಗಿಸಿದರೆ 1¼ ಔನ್ಸ್, ಹೆಚ್ಚುಕಡಿಮೆ 35 ಗ್ರಾಂ. ಅದು ಗಡಿ. ಅದರ ಮೇಲೆ ಒಂದು ದಿನಕ್ಕೆ ನಾಲ್ಕು ಈಡಾದರೆ ತಡೆದುಕೊಳ್ಳಬಹುದು. ರೇಪ್ ಹೊಲದಲ್ಲಿ ಒಳ್ಳೆಯ ದಿನ ನೂರು ಈಡು ಆಗಬಹುದು. ನಲವತ್ತಾಗುವಷ್ಟರಲ್ಲಿ ಭುಜ ಕಂದಿ, ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚಲು ಶುರುವಾಗುತ್ತದೆ. ಈ ಅಭ್ಯಾಸ ಅಂಟಿಕೊಂಡರೆ ಬಿಡಿಸಲು ವರ್ಷ ಬೇಕು. ಹೆಚ್ಚಿನ ತಪ್ಪು ಆಗುವುದು ಹಕ್ಕಿಯ ಹಿಂದೆ ಹೊಡೆದು, ಕಾಳು ಕಡಿಮೆಯಾಗಿ ಅಲ್ಲ. ವೇಗಕ್ಕೂ ಇದೇ ಮಾತು. ಡಬ್ಬಿಯ ಮೇಲೆ ಸೆಕೆಂಡಿಗೆ 1450 ಅಡಿ ಅಂತ ಬರೆದಿದ್ದರೂ ಗುಂಡುಂಡು ಕಾಳು ಗಾಳಿಯಲ್ಲಿ ಬೇಗ ಸೋಲುತ್ತದೆ, 35 ಗಜಕ್ಕೆ ಬರುವಷ್ಟರಲ್ಲಿ ಆ ಹೆಚ್ಚಿನ ವೇಗದ ಬಹುಪಾಲು ಕಳೆದಿರುತ್ತದೆ. ಉಳಿಯುವುದು ಭುಜಕ್ಕೆ ಬಿದ್ದ ಒದೆತ.

ಸ್ಟೀಲ್ ವಿಷಯ ಸ್ವಲ್ಪ ವಿವರವಾಗಿ. ಒಂದು ಘನ ಸೆಂ.ಮೀ. ಸೀಸ 11 ಗ್ರಾಂ ಹತ್ತಿರ, ಸ್ಟೀಲ್ 7.8. ಅಂದರೆ ಅದೇ ಗಾತ್ರದ ಕಾಳು ಹಗುರ, ಬೇಗ ಸೋಲುತ್ತದೆ. ಅದಕ್ಕೇ ಎರಡು ನಂಬರ್ ದಪ್ಪಕ್ಕೆ ಹೋಗಿ ಎನ್ನುವುದು: ಸೀಸದ 6ರ ಬದಲು ಸ್ಟೀಲ್ 4, ಅಂದರೆ 3.1 ಮಿ.ಮೀ. ಸೀಸದ 6ನೇ ಕಾಳು ಒಂದು 0.10 ಗ್ರಾಂ, ಸ್ಟೀಲ್ 4ನೇದು 0.12. ತೂಕ ಸ್ವಲ್ಪ ಜಾಸ್ತಿ, ಆದರೆ ಮೈ ದಪ್ಪವಾದ್ದರಿಂದ ಗಾಳಿಯ ತಡೆಯೂ ಜಾಸ್ತಿ, ಲಾಭನಷ್ಟ ಸರಿಹೋಗುತ್ತದೆ. 28 ಗ್ರಾಂನಲ್ಲಿ ಇಂಥ ಸುಮಾರು 230 ಕಾಳು ಕೂರುತ್ತವೆ. ಅದರಲ್ಲಿ ನೂರಕ್ಕೆ 55 ವೃತ್ತದೊಳಗೆ ಬಿದ್ದರೆ 126, ಅಷ್ಟು ಸಾಕು. ಸ್ಟೀಲ್ ಕಾಳು ನಳಿಗೆಯಲ್ಲಿ ಚಪ್ಪಟೆಯಾಗುವುದಿಲ್ಲ, ಗುಂಡಗೇ ಹೊರಬರುತ್ತದೆ. ಹಾಗಾಗಿ ಒಂದೇ ಚೋಕ್‌ನಲ್ಲಿ ಸೀಸಕ್ಕಿಂತ ಬಿಗಿಯಾಗಿ ಹೋಗುತ್ತದೆ. ಇಂಪ್ರೂವ್ಡ್ ಸಿಲಿಂಡರ್ ಅಥವಾ ಕಾಲು ಚೋಕ್ ಹಾಕಿ, ಅರ್ಧ ಚೋಕ್ ದಾಟಬೇಡಿ. ಹಕ್ಕಿ 30 ಗಜದೊಳಗೇ ಇಳಿಯುತ್ತದೆ ಎಂಬ ಖಾತ್ರಿ ಇದ್ದರೆ 5ನೇ ನಂಬರ್ ಸ್ಟೀಲ್ ಇನ್ನೂ ಚೆನ್ನ, 310 ಕಾಳು ಸಿಗುತ್ತವೆ.

ಡಬ್ಬಿಯ ಮೇಲೆ ಸ್ಟ್ಯಾಂಡರ್ಡ್ ಸ್ಟೀಲ್ ಮತ್ತು ಹೈ ಪರ್ಫಾರ್ಮೆನ್ಸ್ ಸ್ಟೀಲ್ ಎಂದು ಎರಡು ಜಾತಿ ಕಾಣುತ್ತದೆ. 12 ಬೋರ್‌ನಲ್ಲಿ ಸ್ಟ್ಯಾಂಡರ್ಡ್‌ನ ಒತ್ತಡದ ಮಿತಿ 740 ಬಾರ್, ಕಾಳು 3.25 ಮಿ.ಮೀ. ಮೀರುವಂತಿಲ್ಲ, ನೈಟ್ರೋ ಪ್ರೂಫ್ (ಹೊಗೆರಹಿತ ಮದ್ದಿಗೆ ಪರೀಕ್ಷೆ) ಆದ ಸುಸ್ಥಿತಿಯ ಕೋವಿಗೆ ಅದು ಸಾಕು. ಹೈ ಪರ್ಫಾರ್ಮೆನ್ಸ್ 1050 ಬಾರ್‌ವರೆಗೆ ಹೋಗುತ್ತದೆ, ಅದಕ್ಕೆ ನಳಿಗೆಯ ಮೇಲೆ ಫ್ಲರ್-ಡ-ಲೀ ಹೂವಿನ ಮುದ್ರೆ ಇರಲೇಬೇಕು. ಕೋವಿಯ ಮುಂದಿನ ಮರದ ಹಿಡಿ ಕಳಚಿ, ನಳಿಗೆಯ ತಳಭಾಗಕ್ಕೆ ಟಾರ್ಚ್ ಹಿಡಿದು ನೋಡಿ. ಅಲ್ಲೇ ಚೇಂಬರ್ ಉದ್ದವೂ ಕೊರೆದಿರುತ್ತದೆ: 70 ಅಥವಾ 76. ಪಾರಿವಾಳಕ್ಕೆ ಸ್ಟ್ಯಾಂಡರ್ಡ್ ಧಾರಾಳ. ಚೋಕ್ ಟ್ಯೂಬಿನ ಮೇಲೆ "ಸ್ಟೀಲ್‌ಗೆ ಅಲ್ಲ" ಎಂಬ ಸೂಚನೆ ಇದೆಯೇ ಅಂತಲೂ ನೋಡಿ.

ಈ ಗುಂಪಿನಲ್ಲಿ ಕೊಡಗಿನವರೂ ಇದ್ದೀರಿ, ಹಳೆಯ ಇಂಗ್ಲಿಷ್ ಜೋಡುನಳಿಗೆ ಪಕ್ಕಪಕ್ಕದ್ದು ಇಲ್ಲಿ ಕೊಂಡವರೂ ಇರಬಹುದು. ಅಂಥವುಗಳಲ್ಲಿ ಬಹಳಷ್ಟರ ಚೇಂಬರ್ 2½ ಇಂಚು, ಅಂದರೆ 65 ಮಿ.ಮೀ. ಅದಕ್ಕೆ 70 ಮಿ.ಮೀ. ತೋಟಾ ತುರುಕಿದರೆ ಸಲೀಸಾಗಿ ಒಳಗೆ ಹೋಗುತ್ತದೆ, ಅಲ್ಲೇ ಮೋಸ. 70 ಎನ್ನುವುದು ಹಾರಿದ ಮೇಲಿನ ಉದ್ದ. ಈಡು ಹಾರುವಾಗ ಮಡಿಸಿದ ಬಾಯಿ ಬಿಚ್ಚಿ ನಳಿಗೆಯ ಕಿರಿದಾದ ಭಾಗಕ್ಕೆ ಸಿಕ್ಕಿ ಒತ್ತಡ ಏರುತ್ತದೆ. ಡಬ್ಬಿಯ ಮೇಲೆ 65 ಮಿ.ಮೀ. ಚೇಂಬರ್‌ಗೆ ಆಗುತ್ತದೆ ಎಂದು ಬರೆದದ್ದನ್ನೇ ಕೊಳ್ಳಿ. ತೆಳು ನಳಿಗೆ, ಬಿಗಿ ಚೋಕ್ ಇರುವ ಹಳೆಯ ಕೋವಿಗೆ ಸ್ಟೀಲ್ ಬೇಡ. ಬಿಸ್ಮತ್ ಎಂಬ ಲೋಹದ ಚರೆ ಇದೆ, ಸೀಸಕ್ಕಿಂತ ಒಂದು ನಂಬರ್ ದಪ್ಪ ಹಾಕಿದರೆ ಸಾಕು, ಆದರೆ ಜೇಬು ಬಿಸಿಯಾಗುತ್ತದೆ.

ವಾಡ್ ಬಗ್ಗೆ ನೀವು ತೀರ್ಮಾನಿಸುವ ಮೊದಲು ರೈತರನ್ನು ಕೇಳಿ. ಪ್ಲಾಸ್ಟಿಕ್ ವಾಡ್ ಹೊಲದಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ, ಪಕ್ಕದಲ್ಲಿ ದನ ಕುರಿ ಮೇಯುವ ಕಡೆ ಯಾರೂ ಒಪ್ಪುವುದಿಲ್ಲ. ಸೀಸಕ್ಕೆ ಫೈಬರ್ ಸಾಕು, ಚರೆ ಕೊಂಚ ಹರಡುತ್ತದೆ ಅಷ್ಟೇ. ಸ್ಟೀಲ್‌ಗೆ ಬರೀ ಫೈಬರ್ ಆಗದು, ಗಟ್ಟಿ ಕಾಳು ನಳಿಗೆಯನ್ನು ಗೀರದಂತೆ ಬಟ್ಟಲಿನಾಕಾರದ ವಾಡ್ ಬೇಕು. ಮಣ್ಣಿನಲ್ಲಿ ಕರಗುವ ಬಟ್ಟಲು ಇರುವ ಸ್ಟೀಲ್ ತೋಟಾ ಈಗ ಈಲಿ, ಗೇಮ್‌ಬೋರ್ ಎಂಬ ಎರಡೂ ಕಂಪನಿಗಳಲ್ಲಿ ಸಿಗುತ್ತದೆ. ಅದನ್ನು ಒಣಜಾಗದಲ್ಲಿಡಿ, ತೇವ ತಾಗಿದರೆ ಕರಗಲು ಮಾಡಿದ ವಸ್ತು ಡಬ್ಬಿಯಲ್ಲೇ ಹಾಳಾಗಬಹುದು.

ಇಷ್ಟೆಲ್ಲ ಲೆಕ್ಕ ಹಾಕಿದರೂ ನಿಮ್ಮ ನಳಿಗೆಗೆ ಯಾವುದು ಹೊಂದುತ್ತದೆ ಎಂಬುದನ್ನು ಕಾಗದವೇ ಹೇಳಬೇಕು. ಮೂರು ಬೇರೆ ಬೇರೆ ತೋಟಾ 25ರ ಡಬ್ಬಿ ಒಂದೊಂದು ತನ್ನಿ. 4 ಅಡಿ ಉದ್ದ, 4 ಅಡಿ ಅಗಲದ ಕಾಗದ, ನಡುವೆ ಕಪ್ಪು ಚುಕ್ಕೆ, ಹಿಂದೆ ಮಣ್ಣಿನ ದಿಬ್ಬ. ಕ್ಲಬ್‌ನ ಕಬ್ಬಿಣದ ಹಲಗೆಗೆ ಸ್ಟೀಲ್ ಹೊಡೆಯಬೇಡಿ, ಕಾಳು ಚಿಮ್ಮಿ ಮುಖಕ್ಕೇ ಬರುತ್ತದೆ. ಕನ್ನಡಕ ಹಾಕಿ. ಟೇಪ್ ಹಿಡಿದು 30 ಗಜ ಅಳೆದು ಒಂದು ಹಾಳೆಗೆ ಒಂದೇ ಈಡು. ಆಮೇಲೆ ಚುಕ್ಕೆಯನ್ನು ಮರೆತು, ತೂತುಗಳು ಹೆಚ್ಚು ದಟ್ಟವಾಗಿರುವ ಜಾಗದ ನಡುವೆ ಮೊಳೆ ಇಟ್ಟು 15 ಇಂಚು ದಾರದಿಂದ ವೃತ್ತ ಎಳೆದು ಎಣಿಸಿ. ವೃತ್ತದ ನಡುವಿಗೂ ಚುಕ್ಕೆಗೂ ಮೂರು ನಾಲ್ಕು ಇಂಚು ವ್ಯತ್ಯಾಸ ಪ್ರತಿ ಹಾಳೆಯಲ್ಲೂ ಒಂದೇ ಕಡೆಗೆ ಇದ್ದರೆ ಅದು ತೋಟಾದ ದೋಷವಲ್ಲ, ಕೋವಿಯ ಹಿಡಿ ನಿಮಗೆ ಹೊಂದಿಲ್ಲ.

ಎಣಿಕೆಗಿಂತ ಮುಖ್ಯ ಹಂಚಿಕೆ. 4 ಇಂಚು ಅಗಲ, 6 ಇಂಚು ಉದ್ದದ ಒಂದು ರಟ್ಟು ಕತ್ತರಿಸಿಕೊಳ್ಳಿ, ವೃತ್ತದೊಳಗೆ ಆಚೀಚೆ ಜರುಗಿಸುತ್ತ ಹೋಗಿ. 125 ಕಾಳು ಸಮನಾಗಿ ಹರಡಿದ್ದರೆ ಆ ರಟ್ಟಿನಡಿ ಸರಾಸರಿ ನಾಲ್ಕು ತೂತು ಬರಬೇಕು. ಒಂದೂ ತೂತಿಲ್ಲದ ಜಾಗಗಳು ಅಲ್ಲಲ್ಲಿ ಸಿಗುತ್ತಿದ್ದರೆ, ಒಟ್ಟು 150 ಇದ್ದರೂ ಆ ತೋಟಾ ನಿಮ್ಮ ನಳಿಗೆಗೆ ಸರಿಯಲ್ಲ. ಒಂದು ಹಾಳೆ ನೋಡಿ ತೀರ್ಮಾನ ಬೇಡ, ಒಂದೊಂದು ತೋಟಾಕ್ಕೆ ಐದು ಹಾಳೆಯಾದರೂ ಆಗಲಿ, ಎರಡೂ ನಳಿಗೆಯಿಂದ. ಗೆದ್ದದ್ದನ್ನು 35 ಗಜದಲ್ಲಿ ಇನ್ನೊಮ್ಮೆ. ಅದನ್ನೇ 250ರ ಪೆಟ್ಟಿಗೆ ತನ್ನಿ, ಮುಂದಿನ ಸಲ ಬೇರೆ ಬ್ಯಾಚ್ ಬಂದರೆ ಎರಡು ಹಾಳೆ ಹೊಡೆದು ನೋಡಿ.

ಹೊಲದಲ್ಲಿ ನೆನಪಿಡಬೇಕಾದ್ದು ಕೆಲವು. ಈಡು "ಢಂ" ಅನ್ನದೆ "ಪುಸ್" ಅಂದರೆ ಅಲ್ಲಿಗೇ ನಿಲ್ಲಿಸಿ, ತೋಟಾ ತೆಗೆದು ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ಒಳಗೆ ವಾಡ್ ಸಿಕ್ಕಿಕೊಂಡಿರುವಾಗ ಇನ್ನೊಂದು ಹೊಡೆದರೆ ನಳಿಗೆ ಸಿಡಿಯುತ್ತದೆ. ಕುದುರೆ ಎಳೆದರೂ ಹಾರದಿದ್ದರೆ ನಳಿಗೆಯ ಬಾಯಿ ಸುರಕ್ಷಿತ ದಿಕ್ಕಿಗಿಟ್ಟು ಅರ್ಧ ನಿಮಿಷ ಕಾದು ತೆರೆಯಿರಿ. ತೋಟಾದ ಹಿಂಬದಿಯ ಕೇಪಿನ ಮೇಲಿನ ಗುಳಿ ಆಳವಾಗಿದ್ದರೆ ತೋಟಾ ಕೆಟ್ಟದ್ದು, ಮೇಲೆ ಮೇಲೆ ತಾಗಿದಂತಿದ್ದರೆ ಕೋವಿಯ ಸೂಜಿಯದ್ದು ತಕರಾರು. ಜೊತೆಗೆ ಬರುವವರ ಹತ್ತಿರ 20 ಬೋರ್ ಇದ್ದರೆ ಇಬ್ಬರ ತೋಟಾ ಒಂದೇ ಚೀಲದಲ್ಲಿ ಇಡಲೇಬೇಡಿ. 20 ಬೋರ್ ತೋಟಾ 12ರ ಚೇಂಬರ್ ದಾಟಿ ಜಾರಿ ಮುಂದೆ ಹೋಗಿ ಕೂರುತ್ತದೆ. ಖಾಲಿ ಇದೆ ಅಂದುಕೊಂಡು ಹಿಂದೆ 12 ತುಂಬಿ ಹೊಡೆದರೆ ಎಡಗೈ ಹೋಗುತ್ತದೆ. 20ರ ತೋಟಾ ಹಳದಿ ಬಣ್ಣದಲ್ಲಿ ಮಾಡುವುದೇ ಈ ಕಾರಣಕ್ಕೆ.

ಖಾಲಿ ತೋಟಾಗಳಿಗೆ ಒಂದು ಗೋಣಿಚೀಲ ಒಯ್ಯಿರಿ. ತಂದದ್ದೆಷ್ಟು, ಉಳಿದದ್ದೆಷ್ಟು, ಚೀಲದಲ್ಲಿರುವುದೆಷ್ಟು ಎಂದು ಎಣಿಸಿದರೆ ರೇಪ್ ಗಿಡದಡಿ ಎಷ್ಟು ಬಿದ್ದಿವೆ ಅಂತ ಗೊತ್ತಾಗುತ್ತದೆ. ಹಾಳೆ ಹೊಡೆದ ಮೇಲೆ ಎಣಿಕೆ, ಚೋಕ್, ತೋಟಾದ ಹೆಸರು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.