ಉತ್ತರ: ಜೈಲಿನೊಳಗಿನ ಸ್ಥಿತಿ ಹೊರಗಿನವರು ನೋಡುತ್ತಾರಾ?

ಅಣ್ಣಾ, ಸೆಂಟ್ರಲ್ ಜೈಲಿನಲ್ಲಿರುವ ತಮ್ಮನಿಗೆ ಶುಗರ್ ಮಾತ್ರೆ ಸರಿಯಾಗಿ ಸಿಗುತ್ತಿಲ್ಲ, ಜೈಲಿನವರಲ್ಲದೆ ಬೇರೆ ಯಾರಾದರೂ ಬಂದು ನೋಡುತ್ತಾರಾ ಅಂತ ಕೇಳಿದ್ದೀರಿ. ನೋಡಲೇಬೇಕು. ಜೈಲುಗಳಿಗೆ ಸಂದರ್ಶಕರ ಮಂಡಳಿ ಇರಬೇಕು ಎಂದು ಕೇಂದ್ರ ಸರ್ಕಾರದ 2016ರ ಮಾದರಿ ಜೈಲು ಕೈಪಿಡಿ ಹೇಳುತ್ತದೆ. ಜಿಲ್ಲಾ ನ್ಯಾಯಾಧೀಶರು, ಅಧಿಕಾರಿಗಳ ಜೊತೆ ಸರ್ಕಾರದವರಲ್ಲದ ಸಂದರ್ಶಕರೂ ಅದರಲ್ಲಿರುತ್ತಾರೆ. ಅಡುಗೆಮನೆ, ಆಸ್ಪತ್ರೆ, ಕಕ್ಕಸು ಎಲ್ಲ ನೋಡಿ, ಕೈದಿಗಳ ದೂರು ಕೇಳಿ, ಕಂಡದ್ದನ್ನು ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ಆದರೆ ಮೊದಲೇ ಹೇಳಿ ಬಂದರೆ ಪ್ರಯೋಜನ ಕಡಿಮೆ, ಸಿಬ್ಬಂದಿ ಪಕ್ಕದಲ್ಲೇ ನಿಂತಿದ್ದರೆ ಯಾವ ಕೈದಿ ತಾನೇ ಬಾಯಿ ಬಿಡುತ್ತಾನೆ, ಅಲ್ವಾ?

ಅದಕ್ಕೇ ನೀವು ಸುಮ್ನೆ ಕಾಯಬೇಡಿ. ತುಮಕೂರಿನ ಕೋರ್ಟ್ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಅಲ್ಲಿಗೆ ಹೋಗಿ. ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ವಕೀಲರು ಉಚಿತ. ಶಿರಾದಿಂದ ಬರೋದು ಕಷ್ಟ ಅಂದ್ರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಅರ್ಜಿಯಲ್ಲಿ ತಮ್ಮನ ಕೈದಿ ನಂಬರ್, ಮಾತ್ರೆಯ ಹೆಸರು, ಯಾವ ತಾರೀಕಿನಿಂದ ಸಿಕ್ಕಿಲ್ಲ ಅನ್ನೋದು ಸ್ಪಷ್ಟವಾಗಿರಲಿ. ಹಳೆ ಡಾಕ್ಟರ್ ಚೀಟಿಯ ಜೆರಾಕ್ಸ್ ಲಗತ್ತಿಸಿ, ಇನ್ನೊಂದು ಪ್ರತಿ ಮೇಲೆ ಸೀಲ್ ಹಾಕಿಸಿಕೊಳ್ಳಿ. ಅದನ್ನೇ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಕಳಿಸಿ. ಬರೀ ಕಾಗದದಿಂದ ಏನಾಗುತ್ತೆ ಅನ್ನಬೇಡಿ, ತಿಹಾರ್ ಜೈಲಿನಿಂದ ಸುನಿಲ್ ಬಾತ್ರಾ ಇನ್ನೊಬ್ಬ ಕೈದಿಗಾದ ಹಿಂಸೆ ಬಗ್ಗೆ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ತೆಗೆದುಕೊಂಡು ವಿಚಾರಣೆ ಮಾಡಿತ್ತು.

ಶುಗರ್ ಜಾಸ್ತಿ ಇದ್ದರೆ ಇದ್ಯಾವುದಕ್ಕೂ ಕಾಯದೆ, ಕೇಸು ನಡೆಯುತ್ತಿರುವ ಕೋರ್ಟಿನಲ್ಲೇ ಚಿಕಿತ್ಸೆ ಕೊಡಿಸಲು ವಕೀಲರಿಂದ ಅರ್ಜಿ ಹಾಕಿಸಿ, ನಾಳೆಯೇ.