ಜಮೀನು ಮಾಲೀಕರ ಸಂಘದ ಚುನಾವಣೆಯಲ್ಲಿ ಮೋಸ ತಡೆಯುವುದು ಹೇಗೆ?

ಮತಪೆಟ್ಟಿಗೆಗೆ ಬೀಗ ಹಾಕಿದರೆ ಸಾಕಲ್ಲವೇ ಎಂದು ಕೇಳಿದ್ದೀರಿ. ಸಾಲದು. ಎಡವಟ್ಟು ಶುರುವಾಗುವುದೇ ಮತದಾರರ ಪಟ್ಟಿಯಲ್ಲಿ. ಜಮೀನು ಮಾರಿ ಹೋದವರ ಹೆಸರು ಹಾಗೇ ಉಳಿದಿರುತ್ತದೆ. ಜಂಟಿ ಮಾಲೀಕರಿಬ್ಬರೂ ಒಂದೇ ನಿವೇಶನಕ್ಕೆ ಮತ ಹಾಕಿರುತ್ತಾರೆ. ಆದ್ದರಿಂದ ಪಟ್ಟಿಯನ್ನು ಮೊದಲೇ ಎಲ್ಲರಿಗೂ ತೋರಿಸಿ, ಆಕ್ಷೇಪಣೆ ಕೇಳಿ, ಆಮೇಲೆ ಅಂತಿಮಗೊಳಿಸಿ. ನಿವೇಶನಕ್ಕೊಂದು ಮತವೋ, ವಿಸ್ತೀರ್ಣಕ್ಕೆ ತಕ್ಕ ಮತವೋ ಎಂಬುದಕ್ಕೆ ಸಂಘದ ಬೈಲಾ (ಒಳನಿಯಮಗಳು) ನೋಡಿ.

ಅಂಚೆ ಮತಕ್ಕೆ ಎರಡು ಲಕೋಟೆ ಬೇಕು. ಒಳಗಿನದರ ಮೇಲೆ ಯಾವ ಗುರುತೂ ಇರಬಾರದು. ಹೊರಗಿನದರ ಮೇಲೆ ಹೆಸರು, ನಿವೇಶನ ಸಂಖ್ಯೆ, ಸಹಿ. ಹೊರಗಿನದನ್ನು ಪಟ್ಟಿಯೊಂದಿಗೆ ತಾಳೆ ನೋಡಿ ಟಿಕ್ ಹಾಕಿ ತೆಗೆದಿಡಿ. ಒಳಗಿನವನ್ನೆಲ್ಲ ಒಟ್ಟಿಗೆ ಬೆರೆಸಿದ ಮೇಲೆಯೇ ಒಡೆಯಿರಿ. ಆಗ ಯಾರು ಮತ ಹಾಕಿದರೆಂದು ತಿಳಿಯುತ್ತದೆ, ಯಾರಿಗೆ ಹಾಕಿದರೆಂದು ತಿಳಿಯುವುದಿಲ್ಲ.

ನನಗೆ ಹೆಚ್ಚು ಆತಂಕ ಇರುವುದು ಪ್ರಾಕ್ಸಿ, ಅಂದರೆ ಬರಲಾಗದ ಸದಸ್ಯರ ಪರವಾಗಿ ಇನ್ನೊಬ್ಬರು ಮತ ಹಾಕುವುದರ ಬಗ್ಗೆ. ಖಾಲಿ ಫಾರಂಗಳಿಗೆ ಸಹಿ ಹಾಕಿಸಿಕೊಂಡು ಒಬ್ಬರೇ ಕಟ್ಟುಗಟ್ಟಲೆ ತಂದರೆ ಇಡೀ ಫಲಿತಾಂಶ ಅವರ ಕೈಯಲ್ಲಿ. ಒಬ್ಬರಿಗೆ ಇಷ್ಟೇ ಎಂಬ ಮಿತಿ ಹಾಕಿ, ಹೆಸರು ಮತ್ತು ದಿನಾಂಕ ಇಲ್ಲದ ಫಾರಂ ಸ್ವೀಕರಿಸಬೇಡಿ.

ಎಣಿಕೆ ಅಭ್ಯರ್ಥಿಗಳಲ್ಲದವರಿಂದ, ಸದಸ್ಯರ ಕಣ್ಣೆದುರೇ ನಡೆಯಲಿ. ಮತಚೀಟಿಗಳನ್ನು ತಕರಾರಿನ ಅವಧಿ ಮುಗಿಯುವವರೆಗೆ ಸೀಲ್ ಮಾಡಿಡಿ. ಮರುಎಣಿಕೆ ಕೇಳಿದಾಗ ಕೈಯಲ್ಲಿರುವ ಸಾಕ್ಷಿ ಅದೊಂದೇ.